ಬಡಗಿಯ ಹಬ್ಬ, ಬದನವಾಳಿನ ರಾಟೆ

(ಮೇ 1: ಕಾರ್ಮಿಕ ಸಂತ ಜೋಸೆಫರ ಹಬ್ಬದ ಚಿಂತನೆ)



ನಜರೇತಿನ ಜನರು ಯೇಸುವಿನ ಬೋಧನೆ ಕೇಳಿ ಬೆರಗಾದರು. ಮರುಗಳಿಗೆಯಲ್ಲೇ ಅವರ ತಂದೆಯ ಕಸುಬನ್ನು ಎತ್ತಿ ಆಡಿ, ಅವರನ್ನು ಹಗುರ ಮಾಡಿದರು. ಸಂತ ಮತ್ತಾಯರ ಶುಭಸಂದೇಶದ ಹದಿಮೂರನೇ ಅಧ್ಯಾಯದ ಈ ಪ್ರಸಂಗವನ್ನು ಇಂದಿನ ಹಬ್ಬದಲ್ಲಿ ನಾವು ಆಲಿಸುತ್ತೇವೆ. ಉಳಿ, ಸುತ್ತಿಗೆ ಹಿಡಿದವನ ಮನೆಯಲ್ಲಿ ಜ್ಞಾನ ಹುಟ್ಟಬಹುದೆಂದು ಆ ಊರಿನವರು ನಂಬಲಿಲ್ಲ. ದುಡಿಯುವ ಕೈಯನ್ನು ಕೀಳಾಗಿ ಕಾಣುವ ರೋಗ ಎಷ್ಟು ಹಳೆಯದು!

ಜಗತ್ತು ಕಾರ್ಮಿಕರ ದಿನವೆಂದು ಆಚರಿಸುತ್ತಿದ್ದ ಮೇ 1ನ್ನೇ ಆರಿಸಿಕೊಂಡು, 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು. ಅದರ ಹಿಂದೆ ಒಂದೂವರೆ ಶತಮಾನದ ಬೆವರು, ಕಣ್ಣೀರು ಇದೆ. ಆ ಚರಿತ್ರೆಯ ಒಂದು ಎಳೆ ನಮ್ಮ ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲೂ ಹಾದುಹೋಗಿದೆ.

ಗಿರಣಿಗಳ ಕಾಲ

ಇಂಗ್ಲೆಂಡಿನಲ್ಲಿ ಬಟ್ಟೆ ಗಿರಣಿಗಳು ಎದ್ದಾಗ ಐದಾರು ವರ್ಷದ ಮಕ್ಕಳೂ ಯಂತ್ರಗಳ ನಡುವೆ ದುಡಿಯಬೇಕಾಯಿತು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಬಾರದೆಂಬ ಕಾನೂನು ಬಂದದ್ದು 1833ರಲ್ಲಿ. ಆಗಲೂ ರೇಷ್ಮೆ ಗಿರಣಿಗಳಿಗೆ ವಿನಾಯಿತಿ ಕೊಟ್ಟರು! ಅದೇ 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಗೆಳೆಯರೊಡನೆ ಸೇರಿ ಬಡವರ ಮನೆಗಳಿಗೆ ಹೋಗತೊಡಗಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ನಡೆಯುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಹುಟ್ಟಿದ್ದು ಹೀಗೆ.

ಆ ಗಿರಣಿಗಳ ಅಗ್ಗದ ಬಟ್ಟೆ ಹಡಗು ಹತ್ತಿ ನಮ್ಮ ನಾಡಿಗೂ ಬಂತು. ಹಳ್ಳಿಯ ರಾಟೆ ಮೂಲೆ ಸೇರಿತು, ನೇಕಾರರ ಮಗ್ಗ ಸೊರಗಿತು. ಕಸುಬು ಕಳೆದುಕೊಂಡವರು ಹೊಲದ ಕೂಲಿಗೆ ನಿಂತರು. ಮಳೆ ಬಂದರೆ ಗಂಜಿ, ಬಾರದಿದ್ದರೆ ಉಪವಾಸ. ಇಂಥ ಹೊತ್ತಿನಲ್ಲಿ 1876ರಿಂದ 78ರವರೆಗೆ, ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ ಆ ಘೋರ ಕ್ಷಾಮ ಬಡಿಯಿತು. 1871ರ ಜನಗಣತಿಯಲ್ಲಿ 50 ಲಕ್ಷದ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷದ 86 ಸಾವಿರಕ್ಕೆ ಇಳಿದಿತ್ತು. ಮೈಸೂರು ಮಿಷನ್ನಿನ ಫ್ರೆಂಚ್ ಗುರುಗಳು ತಬ್ಬಲಿ ಮಕ್ಕಳನ್ನು ಒಟ್ಟುಗೂಡಿಸಿ ಸಾಕಿದರು. ಬೆಂಗಳೂರಿನ ಬಳಿಯ ಸಿಲುವೇಪುರದಂಥ ಊರುಗಳ ಮೂಲದಲ್ಲಿ ಆ ಬರದ ನೆನಪಿದೆ.

1891ರ ಎರಡು ಘಟನೆಗಳು

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ಅದೇ ವರ್ಷ ಮೇ 15ರಂದು ರೋಮಿನಲ್ಲಿ ಪೋಪ್ ಹದಿಮೂರನೇ ಲಿಯೋರವರು 'ರೇರುಮ್ ನೊವಾರುಮ್' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ಕೂಲಿಯೆಂಬುದು ಸಂತೆಯ ಸರಕಿನ ಬೆಲೆಯಂತಲ್ಲ. ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಅದು ಸಾಲಬೇಕು, ಅವನ ಹೆಂಡತಿ ಮಕ್ಕಳ ಹೊಟ್ಟೆಯೂ ಅದರಿಂದ ತುಂಬಬೇಕು ಎಂಬುದು ಅದರ ಬೋಧನೆ. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು, ವಿಶ್ರಾಂತಿಯ ಹಕ್ಕು ಇದೆ. ಎಳೆಯ ಮಕ್ಕಳನ್ನು ಕಾರ್ಖಾನೆಗೆ ದೂಡಬಾರದು. ಬಡವರನ್ನು ಕಾಯುವ ಹೊಣೆ ಸರ್ಕಾರದ್ದು ಎಂದೂ ಅದು ಸಾರಿತು. ದಾನ ಕೊಟ್ಟು ಕೈತೊಳೆದುಕೊಳ್ಳುವವರಿಗೆ ಅದು ನ್ಯಾಯದ ಪಾಠ ಕಲಿಸಿತು. 2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋರವರು ಈ ಪರಿಪತ್ರವನ್ನು ನೆನೆದೇ ತಮ್ಮ ಹೆಸರನ್ನು ಆರಿಸಿಕೊಂಡರು.

ಬದನವಾಳಿನ ರಾಟೆ

ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಖಾದಿ ಕೇಂದ್ರ ಆರಂಭವಾಯಿತು. ಮೈಸೂರು ಸರ್ಕಾರವೇ ಅದಕ್ಕೆ ಬೆಂಬಲವಾಗಿ ನಿಂತಿತು. ಪಕ್ಕದ ತಗಡೂರಿನಲ್ಲಿ ಗಾಂಧೀವಾದಿ ತಗಡೂರು ರಾಮಚಂದ್ರರಾಯರು ಖಾದಿಯನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಒಂದೇ ವ್ರತವಾಗಿ ಹಿಡಿದು ದುಡಿದರು. ಗಾಂಧೀಜಿಯವರೂ ಈ ನೆಲಕ್ಕೆ ಬಂದುಹೋದರು.

ರಾಟೆಯಿಂದ ಆದ ಪ್ರಯೋಜನವೇನು? ಮಳೆ ನಂಬಿದ ಊರಿನಲ್ಲಿ ಸುಗ್ಗಿ ಮುಗಿದರೆ ಹೆಂಗಸರಿಗೆ ತಿಂಗಳುಗಟ್ಟಲೆ ಕೂಲಿಯಿಲ್ಲ. ಕೇಂದ್ರವು ಅರಳೆ ಹಿಂಜಿ, ಹಂಜಿ ಮಾಡಿ ಕೊಡುವುದು. ಹೆಂಗಸರು ನೂತು ಲಡಿ ತಂದೊಪ್ಪಿಸಿ ಕಾಸು ಪಡೆಯುವರು. ಆ ನೂಲು ನೇಕಾರರ ಮಗ್ಗಕ್ಕೆ ಹೋಗುವುದು. ಸಿಕ್ಕುತ್ತಿದ್ದ ಕೂಲಿ ಬಹಳ ಚಿಕ್ಕದು, ನಿಜ. ಆದರೆ ಬೇಸಗೆಯಲ್ಲೂ ಒಲೆ ಹೊತ್ತುತ್ತಿತ್ತು. ಸಾಹುಕಾರನ ಮುಂದೆ ಕೈಯೊಡ್ಡುವುದು ಅಷ್ಟರಮಟ್ಟಿಗೆ ತಪ್ಪುತ್ತಿತ್ತು. ಏಕೆಂದರೆ ಸಾಲವೇ ಜೀತದ ಬಾಗಿಲು. ಮದುವೆಗೋ ಕಾಯಿಲೆಗೋ ತಂದ ಸಾಲಕ್ಕೆ ಮನೆಯ ಮಗ ಒಡೆಯನ ಹಟ್ಟಿಯಲ್ಲಿ ವರ್ಷಗಟ್ಟಲೆ ದುಡಿಯಬೇಕಿತ್ತು. ದೇಶದಲ್ಲಿ ಜೀತವನ್ನು ರದ್ದುಗೊಳಿಸುವ ಕಾಯಿದೆ ಬಂದದ್ದು 1976ರಲ್ಲಷ್ಟೇ.

ನದಿಯ ಕೆಳದಂಡೆಗೆ ಬಂದರೆ, ಕಪಿಲೆ ಕಾವೇರಿಯನ್ನು ಕೂಡುವ ತಿ. ನರಸೀಪುರದಲ್ಲಿ ಹಿಪ್ಪುನೇರಳೆ ಮತ್ತು ರೇಷ್ಮೆ ಹಲವು ಮನೆಗಳಿಗೆ ಅನ್ನ ಕೊಟ್ಟಿವೆ. ಸರ್ಕಾರಿ ಕಾರ್ಖಾನೆಯಲ್ಲಿ ಬಿಚ್ಚಿದ ನೂಲು ಮೈಸೂರು ಸಿಲ್ಕ್ ಸೀರೆಯಾಗುತ್ತದೆ. ಮದುವೆ ಮನೆಯಲ್ಲಿ ಆ ಸೀರೆಯ ನುಣುಪನ್ನು ನಾವು ಹೊಗಳುತ್ತೇವೆ. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಬೆರಳುಗಳು ನಮ್ಮ ನೆನಪಿಗೆ ಬರುತ್ತವೆಯೇ?

ಕೂಲಿಯೊಂದೇ ಸಾಲದು

ಪ್ರಿಯರೇ, ಬದನವಾಳಿನ ಚರಿತ್ರೆ ರಾಟೆಯೊಂದಿಗೆ ಮುಗಿಯುವುದಿಲ್ಲ. ಗಾಂಧೀಜಿಯವರ ಹೆಜ್ಜೆ ಬಿದ್ದ ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದ ಬೆಳೆದು ಮೂವರು ದಲಿತರು ಕೊಲೆಯಾದರು. ಎರಡು ಕೇರಿಗಳನ್ನು ಕೂಡಿಸುತ್ತಿದ್ದ ದಾರಿಯಲ್ಲಿ ಓಡಾಟವೇ ನಿಂತುಹೋಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನರವರು ಗ್ರಾಮಕೈಗಾರಿಕೆಗಳ ಪರವಾಗಿ ಸತ್ಯಾಗ್ರಹ ಹೂಡಿದಾಗ ನಾಡಿನ ಕಣ್ಣು ಮತ್ತೆ ಆ ಊರಿನತ್ತ ಹೊರಳಿತು. ಮುಚ್ಚಿದ್ದ ದಾರಿ ಪುನಃ ತೆರೆದದ್ದು 2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಅಂದು ಎರಡೂ ಕೇರಿಯವರು ಸಹಪಂಕ್ತಿಯಲ್ಲಿ ಕುಳಿತು ಊಟ ಮಾಡಿದರು. ಇಪ್ಪತ್ತೊಂಬತ್ತು ವರ್ಷಗಳ ಮೇಲೆ!

ಈ ಊರು ನಮಗೆ ಕಲಿಸುವುದೇನು? ರಾಟೆ ಹೊಟ್ಟೆಗೆ ಹಿಟ್ಟು ಕೊಟ್ಟೀತು, ಕಾಯಿದೆ ಜೀತದ ಸಂಕೋಲೆ ಕಡಿದೀತು. ಪಕ್ಕದವನನ್ನು ಅಣ್ಣನೆಂದು ಕರೆಯುವ ಮನಸ್ಸನ್ನು ಇವೆರಡೂ ತಾವಾಗಿಯೇ ತಂದುಕೊಡಲಾರವು. ಇದನ್ನು ಇನ್ನೊಬ್ಬರ ಊರಿನ ಕಥೆಯೆಂದು ಕೇಳಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ನಮ್ಮ ದೇವಾಲಯಗಳ ಅಂಗಳಕ್ಕೂ ಜಾತಿ ಕಾಲಿಟ್ಟಿರುವುದುಂಟು. ಹೆಣ್ಣು ಗಂಡು ನೋಡುವಾಗ ನಾವು ಮೊದಲು ಕೇಳುವ ಪ್ರಶ್ನೆ ಯಾವುದೆಂದು ನಮಗೇ ಗೊತ್ತು.

ನಮ್ಮ ಮನೆಯಿಂದಲೇ

ಇಂದು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಬಸ್ಸು ಹತ್ತಿ ಹೋಗುವವರಲ್ಲಿ ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಇದ್ದಾರೆ. ಗುತ್ತಿಗೆ ಕೆಲಸದವರಿಗೆ ನಾಳೆಯ ಭರವಸೆ ಕಡಿಮೆ. ಗದ್ದೆ ಕೆಲಸಕ್ಕೆ ಬರುವವರು, ಪಾತ್ರೆ ತೊಳೆಯುವವರು, ಗಾರೆ ಕೆಲಸದವರು ನಮ್ಮ ಮನೆಗಳಿಗೇ ಬರುತ್ತಾರೆ. ಅವರಿಗೆ ಬೇರೆ ಲೋಟ ಇಟ್ಟಿದ್ದೇವೆಯೇ? ಕಾಯಿಲೆ ಬಿದ್ದ ದಿನದ ಕೂಲಿ ಮುರಿದುಕೊಂಡಿದ್ದೇವೆಯೇ? ತಡೆಹಿಡಿದ ಕೂಲಿಯ ಕೂಗು ದೇವರ ಕಿವಿ ಮುಟ್ಟುತ್ತದೆಂದು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿದ್ದಾರೆ.

ಈ ಹಬ್ಬದಂದು ಸಂತ ಜೋಸೆಫರ ಸ್ವರೂಪಕ್ಕೆ ಹಾರ ಹಾಕುವ ಮುನ್ನ ಬಾಕಿಯಿರುವ ಕೂಲಿಯನ್ನು ಕೊಟ್ಟುಬಿಡೋಣ. ನಮ್ಮ ಮನೆಯಲ್ಲಿ ದುಡಿಯುವವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸೋಣ. ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಹಬ್ಬದ ಊಟ ಮಾಡೋಣ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭು ಆ ಪಂಕ್ತಿಯಲ್ಲಿ ನಮ್ಮ ನಡುವೆ ಇರುತ್ತಾರೆ.

ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ.