ನಾಡಿಗೇರ ವಾಡೆಯ ಅಂಗಳ

ಪಟ್ಟಣದಲ್ಲಿ ಬೆಳೆದವರಿಗೆ ಉದ್ಯಾನವೆಂದರೆ ಕಬ್ಬಿಣದ ಬೇಲಿ, ಕಲ್ಲಿನ ಆಸನ, ಹೂ ಕೀಳಬಾರದೆಂಬ ಹಲಗೆ. ನಮ್ಮ ಧಾರವಾಡದ ಎರೆಸೀಮೆಯ ಊರುಗಳಲ್ಲಿ ಅಂಥದು ಬಹುಕಾಲ ಇರಲಿಲ್ಲ. ನಾಲ್ಕು ಜನ ಕಲೆತು ಕೂಡುತ್ತಿದ್ದುದು ಗುಡಿಯ ಕಟ್ಟೆಯ ಮೇಲೆ, ಕೆರೆಯ ದಂಡೆಯಲ್ಲಿ, ಇಲ್ಲವೆ ತಲೆಮಾರುಗಳ ಹಿಂದೆ ನೆಲೆಯೂರಿದ ಯಾವುದೋ ಮನೆತನದ ವಾಡೆಯ ಅಂಗಳದಲ್ಲಿ. ಅಂಥ ಅಂಗಳಗಳಲ್ಲಿ ಒಂದು ಇನ್ನೂ ಉಳಿದಿದೆ. ಅದು ಕುಂದಗೋಳದ ನಾಡಿಗೇರ ವಾಡೆ.

ಹುಬ್ಬಳ್ಳಿಯಿಂದ ರೈಲು ಹಿಡಿದರೆ ಕುಂದಗೋಳ ದೂರವೇನಲ್ಲ. ಹತ್ತಿ, ಮೆಣಸಿನಕಾಯಿ ಬೆಳೆಯುವ ಕರಿನೆಲ. 1948ರವರೆಗೆ ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನಾಡಿನ ಲೆಕ್ಕಪತ್ರ ನೋಡುವವನು ನಾಡಿಗ; ಅಧಿಕಾರದ ಹೆಸರೇ ಮುಂದೆ ಮನೆತನದ ಹೆಸರಾಯಿತು. ಇಂಥ ಮನೆಗಳ ಕಥೆಯನ್ನು ನಾವು ಸಾಮಾನ್ಯವಾಗಿ ಎಷ್ಟು ಕೂರಿಗೆ ಭೂಮಿ, ಎಷ್ಟು ಹಗೇವು ಜೋಳ ಎಂದು ಹೇಳುತ್ತೇವೆ. ಈ ಮನೆಯ ಕಥೆಯನ್ನು ಮಾತ್ರ ಹಾಡಿನಿಂದ ಹೇಳಬೇಕು.

ರಂಗನಗೌಡ ನಾಡಿಗೇರರು ಸಂಗೀತಪ್ರಿಯರು. ಇದೇ ಊರಿನಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಸಂಶಿ ಎಂಬ ಹುಡುಗನಿಗೆ ಅವರ ಆಶ್ರಯ ದೊರೆಯಿತು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮ್ ಖಾನರ ಶಿಷ್ಯನಾಗಿ, ಮರಾಠಿ ರಂಗಭೂಮಿಯಲ್ಲಿ ಹೆಸರು ಗಳಿಸಿ, ಆ ಹುಡುಗನೇ ಸವಾಯಿ ಗಂಧರ್ವರೆನಿಸಿದ. ಅವರು ಕುಂದಗೋಳದಲ್ಲಿದ್ದು ವಿದ್ಯೆ ಕೊಟ್ಟರು. ಗದುಗಿನ ಕಡೆಯಿಂದ ಬಂದ ಭೀಮಸೇನ ಜೋಶಿಯವರು 1930ರ ದಶಕದಲ್ಲಿ ಗುರುಮನೆಯಲ್ಲಿದ್ದು, ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ, ಹೊತ್ತು ಮೀರಿ ಮನೆ ಸೇರುತ್ತಿದ್ದರು.

ಗುರುಗಳು ತೀರಿಕೊಂಡದ್ದು 1952ರಲ್ಲಿ. ಅವರ ಹೆಸರಿನಲ್ಲಿ ಮರುವರ್ಷ ಪುಣೆಯಲ್ಲಿ ಆರಂಭವಾದ ಉತ್ಸವವನ್ನು ದೇಶವೆಲ್ಲ ಬಲ್ಲದು. ಕುಂದಗೋಳದ ವಾಡೆಯಲ್ಲಿ ನಡೆಯುತ್ತ ಬಂದ ಪುಣ್ಯತಿಥಿಯ ಸಂಗೀತವನ್ನು ಬಲ್ಲವರು ಕಡಿಮೆ. ಹೊಲದ ಕೆಲಸ ಮುಗಿಸಿ ಬಂದ ರೈತ ಜಮಖಾನೆಯ ಮೇಲೆ ಕುಳಿತು ನಡುರಾತ್ರಿಯ ರಾಗಕ್ಕೆ ತಲೆದೂಗುವುದನ್ನು ನಾನು ಕಂಡಿದ್ದೇನೆ. ಅವನು ಯಾವ ಶಾಲೆಯಲ್ಲಿ ಕಲಿತ? ಈ ಅಂಗಳದಲ್ಲಿಯೇ.

ವತನಗಳು ಹೋದವು. 1974ರ ಭೂಸುಧಾರಣೆಯಿಂದ ಉಳುವವನು ಒಡೆಯನಾದ. ಅದು ನ್ಯಾಯವೇ ಆಯಿತು. ವಾಡೆಗಳ ವೈಭವಕ್ಕೆ ಕಣ್ಣೀರು ಹಾಕುವವನು ನಾನಲ್ಲ. ಆದರೆ ಒಡೆತನ ಹೋದುದರ ಜೊತೆಗೆ ಅಂಗಳವೂ ಹೋಗಬೇಕಿತ್ತೆ? ಈ ಪ್ರಶ್ನೆ ಕೇಳಲು ನನಗೆ ಅಧಿಕಾರ ಕಡಿಮೆ. ನವಲಗುಂದದ ಕಡೆ ನಮ್ಮ ಅಜ್ಜನದೂ ಒಂದು ಸಣ್ಣ ವಾಡೆ ಇತ್ತು. ಅದರ ಕಟ್ಟೆಯ ಮೇಲೆ ಶ್ರಾವಣದಲ್ಲಿ ಊರವರು ಪುರಾಣ ಕೇಳುತ್ತಿದ್ದರು. ಪಾಲಾದಾಗ ತೊಲೆ, ಕಂಬ ಬೇರೆ, ಜಾಗ ಬೇರೆ ಎಂದು ಮಾರಿದೆವು. ಕಾಗದದ ಮೇಲೆ ನನ್ನ ಸಹಿಯೂ ಇದೆ. ಊರವರು ಎಲ್ಲಿ ಕೂಡಬೇಕೆಂದು ಆಗ ನಾವು ಯಾರೂ ಕೇಳಲಿಲ್ಲ.

ಅದಕ್ಕೇ ಕುಂದಗೋಳಕ್ಕೆ ಹೋದಾಗಲೆಲ್ಲ ಆ ಬಾಗಿಲಲ್ಲಿ ನಾನು ಒಂದು ಗಳಿಗೆ ನಿಲ್ಲುತ್ತೇನೆ. ನೆಲವನ್ನು ಮೊದಲು ಹಿಡಿದವರು ಎಲ್ಲ ಊರಲ್ಲಿಯೂ ಇದ್ದರು. ಹಿಡಿದ ನೆಲದಲ್ಲಿ ಪರರಿಗೂ ಕೂಡಲು ಜಾಗ ಬಿಟ್ಟವರನ್ನು ಮಾತ್ರ ಊರು ನೆನೆಯುತ್ತದೆ.