ಬೂದಿಕೋಟೆಯ ಹೈದರನಿಗೆ ಸಾಕ್ಷಿ ಯಾರು?

ಮಾಲೂರು ತಾಲೂಕಿನ ಟೇಕಲ್‌ನ ಯುವಕನೊಬ್ಬ ತನ್ನ ಸೀಮೆಯ ಚರಿತ್ರೆಯನ್ನು ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಕುಳಿತನೆನ್ನೋಣ. 2003ರಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಅಜ್ಜ ಹೇಳಿದ ಕಥೆ ಅಲ್ಲಿ ಆಧಾರವಾಗದು. ಇನ್ನೊಬ್ಬರು ತೆರೆದು ನೋಡಬಲ್ಲ, ಪ್ರಕಟವಾದ ಮೂಲ ಬೇಕು. ಟೇಕಲ್‌ಗೆ ಅದರ ಕೊರತೆಯಿಲ್ಲ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟದಲ್ಲಿ ಈ ಊರಿನ ಶಾಸನಗಳಿವೆ.

ನಿಜವಾದ ಪರೀಕ್ಷೆ ಎದುರಾಗುವುದು ಪಕ್ಕದ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ. ಹೈದರ್ ಅಲಿ ಹುಟ್ಟಿದ ಊರದು. ಹುಟ್ಟಿದ ವರ್ಷ? ಒಂದು ಪುಸ್ತಕ 1717 ಎಂದರೆ ಇನ್ನೊಂದು 1720, ಮತ್ತೊಂದು 1722 ಎನ್ನುತ್ತದೆ. ಹೊಸಬರು ತಮಗೆ ಒಪ್ಪಿದ್ದನ್ನು ಉಳಿಸಿ ಮಿಕ್ಕದ್ದನ್ನು ಅಳಿಸುತ್ತಾರೆ. ಮೂರನ್ನೂ ಬರೆದು, ಯಾವುದು ಯಾರ ಮಾತೆಂದು ತೋರಿಸುವುದೇ ಸರಿಯಾದ ದಾರಿ.

ವರ್ಷದ ಜಗಳ ಸಣ್ಣದು, ಗುಣದ ಜಗಳ ದೊಡ್ಡದು. ಹೈದರನ ಬಗ್ಗೆ 1810ರಿಂದ 1817ರವರೆಗೆ ಸಂಪುಟಗಳನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದವನು. ಪರ್ಷಿಯನ್‌ನಲ್ಲಿ ಬರೆದ ಕಿರ್ಮಾನಿಯಾದರೋ ಹೈದರ್, ಟಿಪ್ಪು ಇಬ್ಬರ ಸೇವೆಯಲ್ಲಿದ್ದವನು. ಗೆದ್ದವರ ಕಡೆಯವನೊಬ್ಬ, ಉಪ್ಪುಂಡವನೊಬ್ಬ. 'ಹೈದರ್ ಕ್ರೂರಿ' ಎಂಬ ವಾಕ್ಯವೂ 'ಹೈದರ್ ಮಹಾಪುರುಷ' ಎಂಬ ವಾಕ್ಯವೂ ವಿಶ್ವಕೋಶದ ಮಾತಾಗದು. 'ವಿಲ್ಕ್ಸ್ ಹೀಗೆನ್ನುತ್ತಾನೆ' ಎಂಬುದು ಆಗುತ್ತದೆ. ಹೈದರನನ್ನು ದೂರುವವರಿಂದ ಆಧಾರ ಕೇಳುವ ನಾವು, ಹೊಗಳುವವರಿಂದಲೂ ಕೇಳಬೇಕು. ಇದು ಅಭಿಮಾನಿಗಳಿಗೆ ಕಹಿಯೇ ಸರಿ.

ಕಲಿಸುವವರಿಗೂ ತಾಳ್ಮೆ ಬೇಕು. ಹೊಸಬನ ಸಾಲನ್ನು ಸುಮ್ಮನೆ ಅಳಿಸಿದರೆ ಅವನು ಮತ್ತೆ ಬರುವುದಿಲ್ಲ. ಚರ್ಚೆ ಪುಟದಲ್ಲಿ 'ಇದು ಯಾವ ಪುಸ್ತಕದ ಯಾವ ಪುಟದಲ್ಲಿದೆ?' ಎಂದು ಕೇಳಿದರೆ, ಅವನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋಗಬಹುದು.