ನೆತ್ತರಿನಲ್ಲಿ ಸಿಕ್ಕ ನಂಜು

ತುಂಬು ಬಸುರಿಯ ಕಾಲು ಊದಿಕೊಂಡರೆ 'ನೀರು ಸೇರಿದೆ, ಹೆರಿಗೆಯಾದರೆ ಇಳಿಯುತ್ತದೆ' ಎನ್ನುವುದು ನಮ್ಮಲ್ಲಿ ವಾಡಿಕೆ. ತಲೆನೋವು ಬಂದು, ಕಣ್ಣು ಮಂಜಾಗಿ, ಕೊನೆಗೆ ಕೈಕಾಲು ಸೆಟೆದು ಸೆಳೆತ ಬಂದಾಗಲೇ ಗಾಬರಿ. ಆಗ ಹಿಂದೂ ಮನೆಗಳಲ್ಲಿ ಗಾಳಿ ಸೋಕಿತೆಂದರು, ಮುಸ್ಲಿಮರ ಮನೆಗಳಲ್ಲಿ ಆಸೇಬ್ ಎಂದರು. ಅಲ್ಲಿ ಯಂತ್ರ ಕಟ್ಟಿದರು, ಇಲ್ಲಿ ತಾವೀಜ್ ಕಟ್ಟಿದರು. ಕಳೆದುಹೋದ ಗಂಟೆಗಳು ಮಾತ್ರ ಎರಡೂ ಕಡೆ ಒಂದೇ.

ವೈದ್ಯರಿಗೂ ಇದು ಬಹುಕಾಲ ಒಗಟಾಗಿತ್ತು. ಅವರು ಟಾಕ್ಸೀಮಿಯ ಎಂದು ಹೆಸರಿಟ್ಟರು, ಅಂದರೆ ನೆತ್ತರಿನಲ್ಲಿ ವಿಷ. ಕನ್ನಡದಲ್ಲಿ ಅದು ಗರ್ಭನಂಜು ಆಯಿತು. ಆ ನಂಜು ಯಾವುದೆಂದು ಕೇಳಿದರೆ ತೋರಿಸುವವರಿರಲಿಲ್ಲ. 1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್, ಸೆಳೆತ ಬಂದ ಬಸುರಿಯರ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನನ್ನು ಕಂಡರು. 1896ರಲ್ಲಿ ಇಟಲಿಯ ರಿವಾ-ರೋಚ್ಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಕರಣ ಮಾಡಿದ ಮೇಲೆ ಎರಡನೆಯ ಗುರುತು ಕೈಗೆ ಬಂತು. ಈ ಕಾಯಿಲೆಯಲ್ಲಿ ರಕ್ತದ ಯೂರಿಕ್ ಆಮ್ಲ ಏರುವುದು 1917ರಲ್ಲಿ ಗೊತ್ತಾಯಿತು. ಇವೆಲ್ಲ ಬೆಂಕಿ ಹತ್ತಿದ ಮೇಲೆ ಕಾಣುವ ಹೊಗೆ. ನಂಜು ಸಿಗದೇ ಹೋದದ್ದರಿಂದ ಪಂಡಿತರು ಆ ಹೆಸರನ್ನೇ ಕೈಬಿಟ್ಟು ಪ್ರಿ-ಎಕ್ಲಾಂಪ್ಸಿಯ ಎಂದು ಕರೆಯತೊಡಗಿದರು.

2003ರಲ್ಲಿ ನಂಜು ಸಿಕ್ಕಿತು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದಿ ಬಾಸ್ಟನ್ನಿಗೆ ಹೋಗಿದ್ದ ಮೂತ್ರಪಿಂಡ ತಜ್ಞ ಅನಂತ್ ಕರುಮಂಚಿ ಮತ್ತು ಸಂಗಡಿಗರು ಅದನ್ನು ಮಾಸಿನಲ್ಲಿ ಹುಡುಕಿದರು. ಕಾಯಿಲೆಯ ಮಾಸು ಎಸ್-ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಸುರಿಯುತ್ತದೆ. ರಕ್ತನಾಳಗಳನ್ನು ಕಾಪಾಡುವ ಪಿಎಲ್‌ಜಿಎಫ್ ಎಂಬ ಇನ್ನೊಂದನ್ನು ಅದು ಹಿಡಿದು ನಿಷ್ಫಲ ಮಾಡುತ್ತದೆ. ಬಸುರಿ ಇಲಿಗಳಿಗೆ ಇದನ್ನು ಕೊಟ್ಟಾಗ ಅವಕ್ಕೂ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಬಂತು. ಕಾಯಿಲೆ ಮೇಲೆ ಕಾಣುವ ಸುಮಾರು 5 ವಾರ ಮೊದಲೇ ಇದು ರಕ್ತದಲ್ಲಿ ಏರತೊಡಗುತ್ತದೆಂದು 2004ರಲ್ಲಿ ತಿಳಿಯಿತು. ಎಷ್ಟು ತಲೆಮಾರಿನ ಸೂಲಗಿತ್ತಿಯರು, ದಾಯಿಯರು ಈ 5 ವಾರಗಳಿಗಾಗಿ ಏನೆಲ್ಲ ಕೊಡುತ್ತಿದ್ದರೋ!

ಈಗ ಎರಡೂ ಪ್ರೋಟೀನುಗಳ ಅನುಪಾತ ನೋಡುತ್ತಾರೆ. ಅನುಮಾನವಿರುವ ಬಸುರಿಯಲ್ಲಿ ಅದು 38 ಅಥವಾ ಕಡಿಮೆಯಿದ್ದರೆ ಒಂದು ವಾರದೊಳಗೆ ಕಾಯಿಲೆ ಬಾರದು ಎಂಬ ಮಾತು ನೂರರಲ್ಲಿ 99 ಸಲ ನಿಜವಾಗಿದೆಯೆಂದು 2016ರ ಅಧ್ಯಯನ ಹೇಳಿತು. ಹೆಚ್ಚಿದ್ದರೆ ಅಷ್ಟು ಖಚಿತವಿಲ್ಲ. 4 ವಾರದೊಳಗೆ ಕಾಯಿಲೆ ಬಂದದ್ದು ಅಂಥವರಲ್ಲಿ ನೂರಕ್ಕೆ ಸುಮಾರು 37 ಮಂದಿಗೆ. ಆಸ್ಪತ್ರೆ ಸೇರಿದವರಲ್ಲಿ ಎರಡು ವಾರದೊಳಗೆ ಕಾಯಿಲೆ ತೀವ್ರವಾದೀತೇ ಎಂದು ಅಂದಾಜಿಸಲು ಇಂಥ ಪರೀಕ್ಷೆಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ನಾವು ಇದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ನಿಂತು ಓದಬೇಕು. 1939ರಲ್ಲಿ ಮಂಡ್ಯ ಜಿಲ್ಲೆಯಾಗುವವರೆಗೆ ಇವು ಮೈಸೂರು ಜಿಲ್ಲೆಯವು. ಹೆರಿಗೆ ಕಷ್ಟವಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ, ಇಲ್ಲವೇ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಎಂಬ ರೂಢಿ ಹಳೆಯದು. ಇಂದು ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಆಸ್ಪತ್ರೆಯಿದೆ. ಶ್ರೀರಂಗಪಟ್ಟಣದವಳಿಗೆ ಮೈಸೂರು ಕೂಗಳತೆ, ಕೆ.ಆರ್. ಪೇಟೆಯ ಅಂಚಿನ ಹಳ್ಳಿಯವಳಿಗೆ ಹಾಗಲ್ಲ. ಯಾರನ್ನು ಇವತ್ತೇ ಕಳಿಸಬೇಕು, ಯಾರು ಒಂದು ವಾರ ಮನೆಯಲ್ಲೇ ಇರಬಹುದು ಎಂದು ಹೇಳುವ ಪರೀಕ್ಷೆ ದೊಡ್ಡಾಸ್ಪತ್ರೆಯ ಪಕ್ಕದಲ್ಲಿರುವವಳಿಗಿಂತ ಅವಳಿಗೇ ಹೆಚ್ಚು ಬೇಕು. ಆದರೆ ಅದರ ಯಂತ್ರ ಇರುವುದು ದೊಡ್ಡ ಊರುಗಳಲ್ಲಿ, ಬೆಲೆ ಇರುವುದು ಸಾವಿರಗಳಲ್ಲಿ.

ಅಲ್ಲಿಯವರೆಗೆ ಆಸರೆ ಲೀವರ್ ಮತ್ತು ರಿವಾ-ರೋಚ್ಚಿಯರದ್ದೇ: ಮೂತ್ರ ಪರೀಕ್ಷೆಯ ಪಟ್ಟಿ, ತೋಳಿನ ಪಟ್ಟಿ. 140/90 ಮುಟ್ಟಿದರೆ ಎಚ್ಚರ, 160/110 ಆದರೆ ತಡಮಾಡುವಂತಿಲ್ಲ. ಸೆಳೆತದ ಅಪಾಯವನ್ನು ಮೆಗ್ನೀಸಿಯಂ ಸಲ್ಫೇಟ್ ಅರ್ಧಕ್ಕಿಂತ ಕಡಿಮೆ ಮಾಡುತ್ತದೆಂದು 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನ 2002ರಲ್ಲಿಯೇ ತೋರಿಸಿದೆ.

ನಮ್ಮ ರಾಜ್ಯದ ಬೆಳಗಾವಿ, ಬಾಗಲಕೋಟೆಗಳಲ್ಲಿ 2014ರಿಂದ ಆಶಾ ಕಾರ್ಯಕರ್ತೆಯರು ಮತ್ತು ದಾದಿಯರು ಮನೆಮನೆಗೆ ಹೋಗಿ ಬಸುರಿಯರ ರಕ್ತದೊತ್ತಡ ಅಳೆದರು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲಿಯೂ ಅದೇ ಪ್ರಯೋಗ ನಡೆಯಿತು. 2020ರಲ್ಲಿ ಮೂರೂ ದೇಶಗಳ ಲೆಕ್ಕ ಒಟ್ಟಿಗೆ ಹಾಕಿದಾಗ ಸಾವುನೋವು ನಿರೀಕ್ಷಿಸಿದಂತೆ ಇಳಿದಿರಲಿಲ್ಲ. ಆದರೆ ಕಾರ್ಯಕರ್ತೆ 8 ಸಲ ಅಥವಾ ಹೆಚ್ಚು ಬಾರಿ ಬಂದುಹೋಗಿದ್ದ ಬಸುರಿಯರ ಪಾಡು ಉಳಿದವರಿಗಿಂತ ಮೇಲಾಗಿತ್ತು.